ರುಚಿ ನೋಡಿ ಹೇಳಿದರೆ ದುಡ್ಡು: ಮದ್ಯದ ರುಚಿ ಪರೀಕ್ಷೆಗೆ ಕರೆದರೆ ಹೋಗಬಹುದಾ?

ಹೋದ ವಾರ ನೀರ್ಚಾಲಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಮನೆಯ ಹುಡುಗ ಬಂದು ಮೊಬೈಲ್ ತೋರಿಸಿದ. ವಾಟ್ಸಾಪಿನಲ್ಲಿ ಬಂದ ಮೆಸೇಜು. ಹೊಸ ವಿಸ್ಕಿಯೊಂದು ಮಾರುಕಟ್ಟೆಗೆ ಬರಲಿದೆ, ರುಚಿ ನೋಡಿ ಅಭಿಪ್ರಾಯ ಹೇಳಿದರೆ 1,500 ರೂಪಾಯಿ ಕೊಡುತ್ತೇವೆ, ಎರಡು ಗಂಟೆಯ ಕೆಲಸ, ವಯಸ್ಸು 21 ಆಗಿರಬೇಕು, ಕಾಸರಗೋಡು ಪೇಟೆಯ ಒಂದು ಹಾಲಿಗೆ ಬನ್ನಿ ಎಂದಿತ್ತು. ಹುಡುಗನಿಗೆ 22 ವರ್ಷ. ಮಂಗಳೂರಿನಲ್ಲಿ ಓದುತ್ತಾನೆ.

"ಅಣ್ಣ, ಹೋಗಬಹುದಾ? ಸುಮ್ನೆ ಎರಡು ಗುಟುಕು ಅಲ್ವಾ?" ಎಂದು ಕೇಳಿದ.

ಆ ಮೆಸೇಜಿನ ಒಂದೇ ಸಾಲಿನಲ್ಲಿ ಎರಡು ತಪ್ಪು ಕಂಡವು. ಬಸ್ಸು ಬಂದದ್ದರಿಂದ ಪೂರ್ತಿ ಹೇಳಲು ಆಗಲಿಲ್ಲ. ಇಂಥ ಮೆಸೇಜು ಅವನೊಬ್ಬನಿಗೇ ಬಂದಿರಲಿಕ್ಕಿಲ್ಲ. ಹಾಗಾಗಿ ಬುಡದಿಂದಲೇ ಶುರು ಮಾಡಿ ಇಲ್ಲಿ ಬರೆಯುತ್ತಿದ್ದೇನೆ.

## ರುಚಿ ಪರೀಕ್ಷೆ ಅಂದರೆ ಏನು?

ಮದುವೆ ಮನೆಯಲ್ಲಿ ಅಡುಗೆ ಭಟ್ಟರು ಸಾಂಬಾರನ್ನು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ನೋಡುತ್ತಾರೆ. ಆಮೇಲೆ ಪಕ್ಕದವರ ಕೈಗೂ ಒಂದು ತೊಟ್ಟು ಹಾಕಿ, "ಉಪ್ಪು ಸರಿ ಉಂಟಾ?" ಎಂದು ಕೇಳುತ್ತಾರೆ. ಕಂಪನಿಗಳು ಮಾಡುವುದೂ ಇದನ್ನೇ, ಸ್ವಲ್ಪ ಲೆಕ್ಕಾಚಾರ ಜಾಸ್ತಿ. ಬಿಸ್ಕತ್ತು, ಚಹಾಪುಡಿ, ಉಪ್ಪಿನಕಾಯಿ, ಜ್ಯೂಸು, ಯಾವುದೇ ಆಗಲಿ, ಮಾರುಕಟ್ಟೆಗೆ ಬಿಡುವ ಮೊದಲು ಕೆಲವು ನೂರು ಜನರಿಗೆ ಕೊಟ್ಟು ಕೇಳುತ್ತಾರೆ. ಸಿಹಿ ಹೆಚ್ಚಾಯಿತಾ, ಹಳೆಯದಕ್ಕೂ ಹೊಸದಕ್ಕೂ ವ್ಯತ್ಯಾಸ ಗೊತ್ತಾಗುತ್ತದಾ, ದುಡ್ಡು ಕೊಟ್ಟು ತಗೊಳ್ಳುತ್ತೀರಾ, ಹೀಗೆ. ಈ ಕೆಲಸವನ್ನು ಹೆಚ್ಚಾಗಿ ತಯಾರಿಕಾ ಕಂಪನಿಯೇ ಮಾಡುವುದಿಲ್ಲ. ಮಾರುಕಟ್ಟೆ ಸಂಶೋಧನಾ ಸಂಸ್ಥೆಗಳಿಗೆ ವಹಿಸುತ್ತದೆ.

ಇದರಲ್ಲಿ ಎರಡು ಬಗೆ ಇದೆ. ಒಂದು, ಎಲ್ಲರನ್ನೂ ಒಂದು ಜಾಗಕ್ಕೆ ಕರೆದು ಅಲ್ಲೇ ರುಚಿ ತೋರಿಸುವುದು. ಇನ್ನೊಂದು, ಮನೆಗೆ ಕೊಟ್ಟು ಕಳಿಸಿ, ಒಂದು ವಾರ ಬಳಸಿ ಫಾರಂ ತುಂಬಿ ಕೊಡಿ ಎನ್ನುವುದು.

ಒಂದು ಪರೀಕ್ಷೆಯನ್ನು ಹತ್ತಿರದಿಂದ ನೋಡೋಣ. ನಿಮ್ಮ ಮುಂದೆ ಮೂರು ಲೋಟ ಇಡುತ್ತಾರೆ. ಎರಡರಲ್ಲಿ ಒಂದೇ ಪಾನೀಯ, ಮೂರನೆಯದರಲ್ಲಿ ಬೇರೆ. ಬೇರೆಯದು ಯಾವುದು ಎಂದು ನೀವು ಹೇಳಬೇಕು. ಇದಕ್ಕೆ ತ್ರಿಕೋನ ಪರೀಕ್ಷೆ ಎನ್ನುತ್ತಾರೆ. ಲೋಟದ ಮೇಲೆ 1, 2, 3 ಎಂದು ಬರೆಯುವುದಿಲ್ಲ. 1 ಎಂದು ಕಂಡರೆ ಅದೇ ಒಳ್ಳೆಯದು ಎಂದು ಮನಸ್ಸು ವಾಲುತ್ತದೆ. ಅದಕ್ಕೇ 472, 815, 369 ಅಂಥ ಅರ್ಥವಿಲ್ಲದ ಮೂರಂಕಿಯ ಸಂಖ್ಯೆ ಅಂಟಿಸುತ್ತಾರೆ. ಒಬ್ಬರಿಗೆ ಮೊದಲು ಬಂದ ಲೋಟ ಇನ್ನೊಬ್ಬರಿಗೆ ಕೊನೆಗೆ ಬರುತ್ತದೆ. ನಡುವೆ ಬಾಯಿ ತೊಳೆಯಲು ನೀರು, ಸಪ್ಪೆ ಬಿಸ್ಕತ್ತು. ಬಣ್ಣ ನೋಡಿ ಗುರುತು ಹಿಡಿಯಬಾರದೆಂದು ಕೆಲವು ಕಡೆ ಕೆಂಪು ದೀಪ ಹಾಕುವುದೂ ಉಂಟು.

ಕಣ್ಣು ಮುಚ್ಚಿ ತೋರಿಸಿದರೂ ಮೂರಲ್ಲಿ ಒಂದು ಸಲ ಉತ್ತರ ಸರಿಯಾಗಿಯೇ ಆಗುತ್ತದೆ. 30 ಜನ ಕುಳಿತರೆ ಸುಮಾರು 10 ಜನ ಬರೀ ಅದೃಷ್ಟದಿಂದ ಗೆಲ್ಲುತ್ತಾರೆ. ಹಾಗಾಗಿ 30ರಲ್ಲಿ ಕಡಿಮೆ ಅಂದರೂ 15 ಜನ ಸರಿ ಹೇಳಿದರೆ ಮಾತ್ರ ವ್ಯತ್ಯಾಸ ನಿಜವಾಗಿ ಇದೆ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಇದು ಗಂಭೀರವಾದ ವಿದ್ಯೆ. ಆಹಾರದ ರುಚಿ ಪರೀಕ್ಷೆ ಹೇಗೆ ಮಾಡಬೇಕೆಂದು ನಮ್ಮ ದೇಶದ ಮಾನಕ ಸಂಸ್ಥೆ ಐಎಸ್ 6273 ಎಂಬ ಮಾನಕವನ್ನೇ ಹೊರಡಿಸಿದೆ. ರುಚಿ ಪರೀಕ್ಷೆ ಎಂಬುದರಲ್ಲೇ ಯಾವ ಮೋಸವೂ ಇಲ್ಲ. ಲೋಟದಲ್ಲಿ ಇರುವುದು ಮದ್ಯವಾದಾಗ ಮಾತ್ರ ಕಥೆ ಬೇರೆ.

## ಮದ್ಯಕ್ಕೆ ಯಾಕೆ ಬೇರೆ ಕಾನೂನು?

ಉಪ್ಪಿನಕಾಯಿಯ ವಿಷಯದಲ್ಲಿ ಕಾನೂನು ಬೇಡ ಎಂದದ್ದನ್ನು ಬಿಟ್ಟು ಉಳಿದದ್ದೆಲ್ಲ ಮಾಡಬಹುದು. ಮದ್ಯದ ವಿಷಯದಲ್ಲಿ ಇದು ಪೂರ್ತಿ ತಿರುಗುಮುರುಗು. ಸರ್ಕಾರ ಮಾಡಬಹುದು ಎಂದು ಬರೆದು ಕೊಟ್ಟದ್ದನ್ನು ಮಾತ್ರ ಮಾಡಬಹುದು. ಇದೊಂದು ತಲೆಯಲ್ಲಿದ್ದರೆ ಮುಂದಿನದೆಲ್ಲ ಸುಲಭ.

ಸಂವಿಧಾನದ ಏಳನೇ ಅನುಸೂಚಿಯಲ್ಲಿ ಯಾವ ವಿಷಯ ಕೇಂದ್ರಕ್ಕೆ, ಯಾವುದು ರಾಜ್ಯಕ್ಕೆ ಎಂಬ ಪಟ್ಟಿ ಇದೆ. ರಾಜ್ಯದ ಪಟ್ಟಿಯ 8ನೇ ನಮೂದು ಮದ್ಯದ್ದು. ಅದರ ಉತ್ಪಾದನೆ, ತಯಾರಿ, ಇಟ್ಟುಕೊಳ್ಳುವುದು, ಸಾಗಾಟ, ಖರೀದಿ, ಮಾರಾಟ ಎಲ್ಲವೂ ರಾಜ್ಯದ ಕೈಯಲ್ಲಿ. ಕುಡಿಯುವ ಮದ್ಯಕ್ಕೆ ಜಿಎಸ್‌ಟಿಯೂ ಇಲ್ಲ, ರಾಜ್ಯದ್ದೇ ತೆರಿಗೆ. ಕರ್ನಾಟಕದ ಮದ್ಯ ಕಂಪನಿಯೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಮದ್ಯದ ವ್ಯಾಪಾರ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು ಹೇಳಿತು. ಸರ್ಕಾರ ಪೂರ್ತಿ ನಿಷೇಧಿಸಬಹುದು, ತಾನೇ ಮಾರಬಹುದು, ಲೈಸೆನ್ಸ್ ಕೊಟ್ಟು ಬೇರೆಯವರಿಂದ ಮಾರಿಸಲೂಬಹುದು.

ನಮ್ಮ ಕಾಸರಗೋಡಿಗೆ ಅನ್ವಯಿಸುವುದು ಕೇರಳದ ಅಬಕಾರಿ ಕಾಯ್ದೆ. ಕಾಗದಪತ್ರಗಳಲ್ಲಿ ಇದನ್ನು 1077ರ 1ನೇ ಕಾಯ್ದೆ ಎಂದು ಬರೆಯುತ್ತಾರೆ. ಆ 1077 ಮಲಯಾಳ ಪಂಚಾಂಗದ ಕೊಲ್ಲವರ್ಷ. ನಮ್ಮ ಲೆಕ್ಕದಲ್ಲಿ 1902ರ ಹೊತ್ತಿನದು. ಮೂಲದಲ್ಲಿ ಇದು ಕೊಚ್ಚಿ ಸಂಸ್ಥಾನದ ಕಾಯ್ದೆ. ಆಗ ನಾವು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ ಇದ್ದೆವು. ಆಮೇಲೆ 1937ರ ಮದ್ರಾಸ್ ಪಾನನಿಷೇಧ ಕಾಯ್ದೆ ಈ ಕಡೆಗೆ ಬಂತು. 1956ರಲ್ಲಿ ಕೇರಳ ಆದ ಮೇಲೂ ಸ್ವಲ್ಪ ಕಾಲ ಉತ್ತರ ಕೇರಳಕ್ಕೆ ಒಂದು ಕಾನೂನು, ದಕ್ಷಿಣಕ್ಕೆ ಇನ್ನೊಂದು. 1967ರಲ್ಲಿ ಕೊಚ್ಚಿಯ ಹಳೆಯ ಕಾಯ್ದೆಯನ್ನು ಇಡೀ ರಾಜ್ಯಕ್ಕೆ ಹಾಸಿದರು. ನಮ್ಮ ಅಜ್ಜಂದಿರು ಒಂದೇ ಮನೆಯಲ್ಲಿ ಕುಳಿತು ಎರಡು ರಾಜ್ಯದ ಮದ್ಯದ ಕಾನೂನು ಕಂಡವರು.

ಇಷ್ಟು ಬಿಗಿ ಯಾಕೆ ಎಂದು ಕೇಳಿದರೆ ಒಂದು ಕಾರಣ ವಿಷಮದ್ಯ. 1982ರ ಓಣಂ ಸಮಯದಲ್ಲಿ ಎರ್ನಾಕುಳಂನ ವೈಪಿನ್‌ನಲ್ಲಿ 77 ಜನ ಸತ್ತರು. ಎಷ್ಟೋ ಜನರ ಕಣ್ಣು ಹೋಯಿತು. 2000ದಲ್ಲಿ ಕೊಲ್ಲಂ ಜಿಲ್ಲೆಯ ಕಲ್ಲುವಾದುಕ್ಕಲ್‌ನಲ್ಲಿ ಮತ್ತೆ 30ಕ್ಕೂ ಹೆಚ್ಚು ಸಾವು. ಮೆಥನಾಲ್ ಎಂಬ ಮದ್ಯಸಾರ ಬೆರೆತರೆ ಬಣ್ಣದಲ್ಲಿ, ವಾಸನೆಯಲ್ಲಿ ಸಾಮಾನ್ಯ ಜನರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಹೊಟ್ಟೆಗೆ ಹೋದ ಮೇಲೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನೇ ಕೊಲ್ಲುತ್ತದೆ. ಬಾಟಲಿ ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಎಂದು ಪ್ರತಿ ಹಂತದಲ್ಲೂ ಕೇಳುವ ಕಾನೂನಿನ ಹಿಂದೆ ಈ ಸಾವುಗಳ ನೆನಪು ಇದೆ.

## "ನಾವು ಮಾರುವುದಿಲ್ಲ, ಫ್ರೀ ಕೊಡುವುದು"

ಇದು ಎಲ್ಲರ ಬಾಯಲ್ಲಿ ಬರುವ ಮೊದಲ ಮಾತು. ಮಾರಿದರೆ ತಾನೇ ಲೈಸೆನ್ಸ್ ಬೇಕು, ಸಂಶೋಧನೆಗೆ ಯಾಕೆ?

ಕಾಯ್ದೆ ನೋಡುವುದು ಮಾರಾಟವನ್ನು ಮಾತ್ರ ಅಲ್ಲ. ತಯಾರಿಸುವುದು ಬೇರೆ, ರಾಜ್ಯದೊಳಗೆ ತರುವುದು ಬೇರೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ. ಒಂದೊಂದಕ್ಕೂ ಒಂದೊಂದು ಅನುಮತಿ. ದುಡ್ಡು ಕೈ ಬದಲಾಗದಿದ್ದರೂ ಬಾಟಲಿ ಕೈ ಬದಲಾಯಿತಲ್ಲ, ಪ್ರಶ್ನೆ ಅಲ್ಲೇ ಹುಟ್ಟುತ್ತದೆ.

ಇಟ್ಟುಕೊಳ್ಳುವ ಮಿತಿಯನ್ನೇ ನೋಡಿ. ಕೇರಳದಲ್ಲಿ ಒಬ್ಬರು ತಮ್ಮ ಬಳಕೆಗೆ ಇಟ್ಟುಕೊಳ್ಳಬಹುದಾದದ್ದು ಭಾರತದಲ್ಲಿ ತಯಾರಾದ ವಿದೇಶಿ ಮದ್ಯ, ಅಂದರೆ ವಿಸ್ಕಿ, ಬ್ರಾಂಡಿ, ರಮ್ ಮುಂತಾದವು, 3 ಲೀಟರ್. ಬಿಯರ್ ಮೂರೂವರೆ ಲೀಟರ್, ವೈನ್ ಮೂರೂವರೆ ಲೀಟರ್, ಕಳ್ಳು ಒಂದೂವರೆ ಲೀಟರ್. ಈಗ ಲೆಕ್ಕ ಹಾಕೋಣ. 100 ಜನರಿಗೆ ತಲಾ ಎರಡು ಮಾದರಿ, ಒಂದೊಂದು 30 ಮಿಲಿ. ಒಟ್ಟು 6 ಲೀಟರ್ ಆಯಿತು. ಪರೀಕ್ಷೆ ನಡೆಸುವವನು ಬೆವರೇಜಸ್, ಅಂದರೆ ಸರ್ಕಾರದ ಮದ್ಯದಂಗಡಿಯಲ್ಲಿ ದುಡ್ಡು ಕೊಟ್ಟು ಬಿಲ್ಲು ಮಾಡಿಸಿಯೇ ತಂದಿದ್ದರೂ ಮಿತಿಯ ಎರಡು ಪಟ್ಟು ಆಗಿಹೋಯಿತು. ಮೇಲಾಗಿ ಆ ಮಿತಿ ಇರುವುದು ಸ್ವಂತಕ್ಕೆ. ಊರವರಿಗೆ ಕುಡಿಸಲಿಕ್ಕಲ್ಲ.

ಇನ್ನು ಮಂಗಳೂರಿನಿಂದ ತಂದರೆ? ಗಡಿಯಲ್ಲಿರುವ ತಲಪಾಡಿ ದಾಟಿದ ಕೂಡಲೇ ಅದು ಕಾನೂನಿನ ಲೆಕ್ಕದಲ್ಲಿ ಹೊರಗಿನಿಂದ ತಂದ ಮದ್ಯ. ಅನುಮತಿ ಇಲ್ಲದೆ, ಇಲ್ಲಿನ ಸುಂಕ ಕಟ್ಟದೆ ತರುವಂತಿಲ್ಲ. ಕರ್ನಾಟಕದ ಟೆಟ್ರಾ ಪ್ಯಾಕ್ ಮದ್ಯ ಸಿಕ್ಕಿಬಿದ್ದ ಸುದ್ದಿ ನಮ್ಮ ಪತ್ರಿಕೆಗಳಲ್ಲಿ ಆಗಾಗ ಬರುತ್ತದಲ್ಲ, ಅದು ಇದೇ ತಪ್ಪಿಗೆ. ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಅಕ್ರಮವಾಗಿ ತಂದರೆ, ಸಾಗಿಸಿದರೆ 10 ವರ್ಷದವರೆಗೆ ಜೈಲು ಮತ್ತು ಕಡಿಮೆ ಅಂದರೆ 1 ಲಕ್ಷ ರೂಪಾಯಿ ದಂಡ ಬೀಳಬಹುದು. "ಸಂಶೋಧನೆಯ ಸ್ಯಾಂಪಲ್" ಎಂಬ ಚೀಟಿ ಅಂಟಿಸಿದ ಮಾತ್ರಕ್ಕೆ ಈ ಸೆಕ್ಷನ್ ಸಡಿಲ ಆಗುವುದಿಲ್ಲ.

ಹಾಗಾದರೆ ಮದ್ಯದ ಕಂಪನಿಗಳು ರುಚಿ ಪರೀಕ್ಷೆ ಮಾಡುವುದೇ ಇಲ್ಲವಾ? ಮಾಡುತ್ತವೆ. ಡಿಸ್ಟಿಲರಿಯ ಒಳಗೆ ತರಬೇತಾದ ರುಚಿಗಾರರು ದಿನವೂ ಮಾಡುತ್ತಾರೆ. ಅವರು ವಿಸ್ಕಿಗೆ ನೀರು ಬೆರೆಸಿ ಮದ್ಯಸಾರವನ್ನು ಸುಮಾರು 20 ಶೇಕಡಾಕ್ಕೆ ಇಳಿಸಿ ಮೂಸುತ್ತಾರೆ. ಹೆಚ್ಚಿನ ಕೆಲಸ ಮೂಗಿನಲ್ಲೇ ಮುಗಿಯುತ್ತದೆ. ಬಾಯಿಗೆ ಹಾಕಿಕೊಂಡರೂ ಉಗುಳುತ್ತಾರೆ. ಅದು ತಯಾರಿಕೆಯ ಲೈಸೆನ್ಸ್ ಇರುವ ಜಾಗ. ನಮ್ಮ ನಿಮ್ಮಂಥ ಹೊರಗಿನವರನ್ನು ಕರೆಯುವಾಗಲೇ ತೊಡಕು.

## ಜಾಗ ಯಾವುದು ಎಂಬುದೇ ಅರ್ಧ ಉತ್ತರ

ಅಬಕಾರಿ ಕಾಯ್ದೆಯ 15ಸಿ ಸೆಕ್ಷನ್ ಸಾರ್ವಜನಿಕ ಸ್ಥಳದಲ್ಲಿ ಮದ್ಯ ಸೇವಿಸುವುದನ್ನು ತಡೆಯುತ್ತದೆ. ಸಾರ್ವಜನಿಕ ಸ್ಥಳ ಅಂದರೆ ರಸ್ತೆ, ಬಸ್ ಸ್ಟ್ಯಾಂಡ್ ಎಂದಷ್ಟೇ ನಾವು ಅಂದುಕೊಳ್ಳುತ್ತೇವೆ. ಕಾಯ್ದೆಯ ವಿವರಣೆ ಅದಕ್ಕಿಂತ ದೊಡ್ಡದು. ಕೋರ್ಟು, ಕಚೇರಿ, ಕ್ಲಬ್ಬು, ಜನ ಸೇರುವ ಮನರಂಜನೆಯ ಜಾಗ, ವಾಹನ, ಹೋಟೆಲಿನಲ್ಲಿ ಬೇರೆ ಬೇರೆ ಜನ ಕುಳಿತು ತಿನ್ನುವ ಊಟದ ಕೋಣೆ ಕೂಡ ಅದರಲ್ಲಿ ಬರುತ್ತದೆ. ಖಾಸಗಿ ವಾಸದ ಕೋಣೆ ಮಾತ್ರ ಹೊರಗೆ.

ಹಾಗಾಗಿ ಕಲ್ಯಾಣ ಮಂಟಪದ ಹಾಲು, ಕಾಂಪ್ಲೆಕ್ಸಿನ ಮೇಲಿನ ಖಾಲಿ ರೂಮು, ಟ್ಯೂಷನ್ ಸೆಂಟರಿನಂಥ ಜಾಗದಲ್ಲಿ ಹತ್ತಾರು ಜನರನ್ನು ಕೂರಿಸಿ ವಿಸ್ಕಿ ಕೊಟ್ಟರೆ, ಕೊಟ್ಟವರಿಗೂ ಕುಡಿದವರಿಗೂ ಕೇಸಿನ ಭಯ ಇದ್ದೇ ಇದೆ. ಹುಡುಗನ ಮೆಸೇಜಿನಲ್ಲಿ ನಾನು ಕಂಡ ಮೊದಲ ತಪ್ಪು ಈ ಹಾಲು.

ಮದ್ಯ ಕುಡಿಯಲು ಕಾನೂನು ತೆರೆದಿಟ್ಟ ಬಾಗಿಲುಗಳಿಗೆ ಹೆಸರಿದೆ. ಬಾರ್ ಇರುವ ಹೋಟೆಲಿಗೆ ಎಫ್‌ಎಲ್ 3 ಲೈಸೆನ್ಸ್, ಕ್ಲಬ್ಬಿಗೆ ಎಫ್‌ಎಲ್ 4ಎ, ಬಿಯರ್ ಮತ್ತು ವೈನ್ ಪಾರ್ಲರಿಗೆ ಎಫ್‌ಎಲ್ 11. ಬೆವರೇಜಸ್ ಅಂಗಡಿಯದು ಎಫ್‌ಎಲ್ 1. ಅಲ್ಲಿ ಕೊಂಡುಕೊಳ್ಳಬಹುದು, ಅಲ್ಲೇ ಕುಡಿಯುವಂತಿಲ್ಲ. ರುಚಿ ಪರೀಕ್ಷೆ ನೇರವಾಗಿ ನಡೆಯಬೇಕಾದರೆ ಕುಡಿಯಲು ಲೈಸೆನ್ಸ್ ಇರುವ ಜಾಗದಲ್ಲಿ, ಸುಂಕ ಕಟ್ಟಿ ಬಂದ ಬಾಟಲಿಯಿಂದ, ಅಬಕಾರಿ ಇಲಾಖೆಗೆ ತಿಳಿಸಿ ಅನುಮತಿ ತೆಗೆದುಕೊಂಡು ನಡೆಯಬೇಕು.

ಖಾಸಗಿ ಜಾಗದ ಮಾತು ಬಂದಾಗ ನಮ್ಮ ಬದಿಯಡ್ಕದ್ದೇ ಒಂದು ಪ್ರಕರಣ ಹೇಳಲೇಬೇಕು. 2013ರಲ್ಲಿ ಸರ್ಕಾರಿ ನೌಕರರೊಬ್ಬರನ್ನು ಆರೋಪಿಯ ಗುರುತು ಹಿಡಿಯಲೆಂದು ಪೊಲೀಸ್ ಠಾಣೆಗೆ ಕರೆಸಿದ್ದರು. ಬಂದವರ ಬಾಯಲ್ಲಿ ವಾಸನೆ ಇದೆ ಎಂದು ಅವರ ಮೇಲೆಯೇ ಕೇಸು ಬಿತ್ತು. 2021ರ ನವೆಂಬರಿನಲ್ಲಿ ಕೇರಳ ಹೈಕೋರ್ಟು ಆ ಕೇಸನ್ನು ರದ್ದು ಮಾಡಿತು. ಬೇರೆಯವರಿಗೆ ಉಪದ್ರ ಕೊಡದೆ ಖಾಸಗಿ ಜಾಗದಲ್ಲಿ ಕುಡಿಯುವುದು ಅಪರಾಧವಲ್ಲ, ಬರೀ ವಾಸನೆ ಬಂದ ಮಾತ್ರಕ್ಕೆ ಅಮಲಿನಲ್ಲಿದ್ದಾರೆ ಎಂದು ಹೇಳಲಾಗದು ಎಂದಿತು. ಇದನ್ನು ಹಿಡಿದುಕೊಂಡು, "ಹಾಗಾದರೆ ನಮ್ಮ ಮನೆಯಲ್ಲೇ ಪರೀಕ್ಷೆ ಮಾಡೋಣ" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ತೀರ್ಪು ನಿಮ್ಮ ಪಾಡಿಗೆ ನೀವು ಕುಡಿಯುವ ಬಗ್ಗೆ. ದುಡ್ಡು ಕೊಟ್ಟು ಜನ ಸೇರಿಸಿ, ಹೊರಗಿನ ಬಾಟಲಿ ತಂದು ಕುಡಿಸುವ ಬಗ್ಗೆ ಅಲ್ಲ.

## ತಲಪಾಡಿ ದಾಟಿದರೆ ವಯಸ್ಸು ಬದಲಾಗುತ್ತದೆ

ಮೆಸೇಜಿನ ಎರಡನೇ ತಪ್ಪು ವಯಸ್ಸು. ಕೇರಳದಲ್ಲಿ ಮದ್ಯ ಕುಡಿಯಲು 23 ವರ್ಷ ತುಂಬಿರಬೇಕು. ಮೊದಲು 21 ಇತ್ತು. 2017ರ ಮದ್ಯ ನೀತಿಯಲ್ಲಿ ಏರಿಸಿದರು. ಕಾಯ್ದೆಯ 15ಎ ಕುಡಿಯುವವನಿಗೆ, 15ಬಿ ಮಾರುವವನಿಗೆ. ಅಂದರೆ 22ರ ಹುಡುಗ ರುಚಿ ನೋಡಿದರೆ ತಪ್ಪು ಅವನದ್ದೂ ಹೌದು.

ಕರ್ನಾಟಕದಲ್ಲಿ ಸ್ವಲ್ಪ ಗೊಂದಲ ಇದೆ. 1965ರ ಅಬಕಾರಿ ಕಾಯ್ದೆಯಲ್ಲಿ 18 ಎಂದಿದೆ, 1967ರ ನಿಯಮಗಳಲ್ಲಿ 21 ಎಂದಿದೆ. 2023ರಲ್ಲಿ ನಿಯಮವನ್ನೂ 18ಕ್ಕೆ ಇಳಿಸುವ ಕರಡು ಬಂತು, ವಿರೋಧ ಎದ್ದ ಮೇಲೆ ಕೈಬಿಟ್ಟರು. ನಡೆಯುವುದು 21ರ ಲೆಕ್ಕವೇ. ತಮಿಳುನಾಡಿನಲ್ಲೂ ಆಂಧ್ರದಲ್ಲೂ 21. ಮಹಾರಾಷ್ಟ್ರದಲ್ಲಿ ಸ್ಪಿರಿಟ್ ಮದ್ಯಕ್ಕೆ 25, ಮೇಲಾಗಿ 1949ರ ಬಾಂಬೆ ಪಾನನಿಷೇಧ ಕಾಯ್ದೆಯ ಪ್ರಕಾರ ಕುಡಿಯುವವರ ಹತ್ತಿರ ಪರ್ಮಿಟ್ ಇರಬೇಕು.

ಗಡಿಯಲ್ಲಿ ಬದುಕುವ ನಮಗೆ ಇದು ದಿನದ ವಿಷಯ. ಬೆಳಿಗ್ಗೆ ಮಂಜೇಶ್ವರದಲ್ಲಿ ಬಸ್ಸು ಹತ್ತಿ ಮಂಗಳೂರಿನಲ್ಲಿ ಇಳಿಯುವ ಹುಡುಗನಿಗೆ ಅರ್ಧ ಗಂಟೆಯಲ್ಲಿ ಕಾನೂನು ಬದಲಾಗಿರುತ್ತದೆ. ಲೆಕ್ಕಕ್ಕೆ ಬರುವುದು ನಿಮ್ಮ ಊರು ಯಾವುದು ಎಂಬುದಲ್ಲ, ಲೋಟ ಎತ್ತಿದ ಜಾಗ ಯಾವುದು ಎಂಬುದು. ಮೆಸೇಜು ಬರೆದವರು ಬಹುಶಃ ಬೇರೆ ರಾಜ್ಯಕ್ಕೆ ತಯಾರಿಸಿದ್ದನ್ನೇ ಇಲ್ಲಿಗೂ ಕಳಿಸಿರಬೇಕು ಎಂದು ನನಗೆ ಅನಿಸಿತು. ಆದರೆ ಕಾನೂನು ಗೊತ್ತಿಲ್ಲದವರ ಕೈಯಿಂದ ಲೋಟ ತೆಗೆದುಕೊಳ್ಳುವುದು ಹೇಗೆ?

ಹೋಗಿ ಬರುವ ದಾರಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ದೇಶದ ವಿಸ್ಕಿ, ಬ್ರಾಂಡಿಗಳಲ್ಲಿ ಸಾಮಾನ್ಯವಾಗಿ 42.8 ಶೇಕಡಾ ಮದ್ಯಸಾರ ಇರುತ್ತದೆ. 30 ಮಿಲಿಯಲ್ಲಿ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. 15 ಮಿಲಿಯ ನಾಲ್ಕು ಲೋಟ ಅಂದರೆ ಎರಡು ಪೆಗ್ ಆಯಿತು. ಮೋಟಾರು ವಾಹನ ಕಾಯ್ದೆಯ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಸಾಧಾರಣ ಮೈಕಟ್ಟಿನವರು ಬೇಗ ಬೇಗ ಎರಡು ಪೆಗ್ ನುಂಗಿದರೆ ಈ ಮಿತಿ ದಾಟಬಹುದು. ಮೊದಲ ಸಲಕ್ಕೇ 10,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು, ಕೆಲವೊಮ್ಮೆ ಎರಡೂ. 1,500 ರೂಪಾಯಿ ಜೇಬಿಗೆ ಹಾಕಿಕೊಂಡು ಸ್ಕೂಟರಿನಲ್ಲಿ ಬರುವವರು ಇದನ್ನು ನೆನಪಿಡಬೇಕು. ಲೈಸೆನ್ಸ್ ಇರುವ ಜಾಗದಲ್ಲಿ ಎಲ್ಲವೂ ಕ್ರಮಬದ್ಧವಾಗಿ ನಡೆದ ಪರೀಕ್ಷೆಯಾದರೂ ಇದಕ್ಕೆ ವಿನಾಯಿತಿ ಇಲ್ಲ.

## ಲೇಬಲ್ ಮುಚ್ಚಬೇಕು, ಆದರೆ ಲೇಬಲ್ ಇರಲೇಬೇಕು

ಈ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು.

ರುಚಿ ಪರೀಕ್ಷೆಯ ಜೀವವೇ ಹೆಸರು ಮುಚ್ಚುವುದರಲ್ಲಿದೆ. ಬ್ರಾಂಡ್ ಕಂಡರೆ ನಾಲಿಗೆಗಿಂತ ಮೊದಲು ಕಣ್ಣು ತೀರ್ಪು ಕೊಡುತ್ತದೆ. ಆದರೆ ಮದ್ಯದ ಕಾನೂನಿನ ಜೀವ ಲೇಬಲಿನಲ್ಲಿದೆ. ಕೇರಳದಲ್ಲಿ ಬೆವರೇಜಸ್ ಮೂಲಕ ಬರುವ ಬಾಟಲಿಯ ಮೇಲೆ ಹೊಲೊಗ್ರಾಂ ಚೀಟಿ ಇರುತ್ತದೆ. ಸುಂಕ ಕಟ್ಟಿದ್ದಕ್ಕೂ ಸರಿಯಾದ ದಾರಿಯಲ್ಲಿ ಬಂದದ್ದಕ್ಕೂ ಅದೇ ಸಾಕ್ಷಿ. ಆಹಾರ ಸುರಕ್ಷತಾ ಪ್ರಾಧಿಕಾರ ಮದ್ಯಕ್ಕೆಂದೇ 2018ರಲ್ಲಿ ನಿಯಮ ಮಾಡಿತು, 2019ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಮದ್ಯಸಾರ ಎಷ್ಟು ಶೇಕಡಾ ಎಂದು ಬರೆಯಬೇಕು, ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂಬ ಎಚ್ಚರಿಕೆ ಇರಬೇಕು ಎಂದು ಅದರಲ್ಲಿದೆ.

ಎರಡನ್ನೂ ಹೊಂದಿಸುವುದು ಕಷ್ಟವಲ್ಲ. ಬಾಟಲಿ ಲೇಬಲ್ ಸಮೇತ ಪರದೆಯ ಹಿಂದೆ ಇರಲಿ, ಸೀಲು ಅಲ್ಲೇ ಒಡೆಯಲಿ, ಸಂಖ್ಯೆ ಬರೆದ ಲೋಟ ಮಾತ್ರ ನಿಮ್ಮ ಮೇಜಿಗೆ ಬರಲಿ. ನೀವು ಕೇಳಿದರೆ, ಬರೆಯುವುದು ಮುಗಿದ ಮೇಲೆ ಬಾಟಲಿ ತೋರಿಸಲಿ. ಸರಿಯಾಗಿ ನಡೆಸುವವರಿಗೆ ಇದರಲ್ಲಿ ಮುಚ್ಚುಮರೆ ಬೇಕಾಗಿಲ್ಲ.

ಮನೆಗೆ ಕೊಟ್ಟು ಕಳಿಸುವ ಪರೀಕ್ಷೆಯಲ್ಲಿ ಮಾತ್ರ ಇದು ಹೊಂದುವುದಿಲ್ಲ. ಸೋಪಾದರೆ ಬಿಳಿ ಕಾಗದ ಸುತ್ತಿ ಕೊಡಬಹುದು. ಹೆಸರಿಲ್ಲದ ವಿಸ್ಕಿ ಬಾಟಲಿ ನಿಮ್ಮ ಚೀಲದಲ್ಲಿದ್ದಾಗ ಕುಂಬಳೆಯಲ್ಲಿ ಎಕ್ಸೈಸ್‌ನವರು ಬಸ್ಸು ನಿಲ್ಲಿಸಿದರು ಎಂದಿಟ್ಟುಕೊಳ್ಳಿ. ಅದು ಎಲ್ಲಿಂದ ಬಂತೆಂದು ತೋರಿಸಲು ನಿಮ್ಮ ಹತ್ತಿರ ಏನೂ ಇರುವುದಿಲ್ಲ. ಹಾಗೆ ಯಾರಾದರೂ ಕೊಟ್ಟರೆ ಕೈ ಚಾಚಬೇಡಿ.

## ಪರೀಕ್ಷೆಯೋ ಪ್ರಚಾರವೋ?

ಸಂಶೋಧನೆ ಮಾಡುವವರು ನಿಮ್ಮಿಂದ ತಿಳಿದುಕೊಳ್ಳಲು ಬರುತ್ತಾರೆ. ಪ್ರಚಾರ ಮಾಡುವವರು ನಿಮಗೆ ತಿಳಿಸಲು ಬರುತ್ತಾರೆ. ಹೆಸರು ಹೇಳಿ ಹೊಗಳಿದರು, ಟೀ ಶರ್ಟು ಕೊಟ್ಟರು, ಫೋಟೋ ತೆಗೆದು ಸ್ಟೇಟಸ್ ಹಾಕಿ ಅಂದರು, ಇಬ್ಬರು ಗೆಳೆಯರನ್ನು ಕರೆತನ್ನಿ ಅಂದರು ಅಂದರೆ ಅದು ಪರೀಕ್ಷೆಯ ವೇಷ ಹಾಕಿದ ಪ್ರಚಾರ. ಮದ್ಯದ ಜಾಹೀರಾತಿಗೆ ಕೇರಳದ ಅಬಕಾರಿ ಕಾಯ್ದೆಯಲ್ಲೇ ಶಿಕ್ಷೆ ಇದೆ. ಟಿವಿಯಲ್ಲಿ 1994ರ ಕೇಬಲ್ ನಿಯಮಗಳ ಮೂಲಕ ನಿಷೇಧ ಇದೆ. ಸ್ಟೇಟಸ್ ಹಾಕಿದ ಹುಡುಗನ ಮೇಲೂ ಕಣ್ಣು ಬೀಳಬಹುದು.

ಹೊರದೇಶಗಳಲ್ಲೂ ಇದನ್ನು ಸುಮ್ಮನೆ ಬಿಟ್ಟಿಲ್ಲ. ಅಮೆರಿಕದಲ್ಲಿ ತಯಾರಕರು ಅಂಗಡಿಯವರಿಗೆ ಕೊಡುವ ಉಚಿತ ಮಾದರಿಗೂ ಮಿತಿ ಇದೆ. ಒಂದು ವರ್ಷದಿಂದ ಆ ಬ್ರಾಂಡ್ ಕೊಳ್ಳದ ಅಂಗಡಿಗೆ ಮಾತ್ರ ಕೊಡಬಹುದು, ಸ್ಪಿರಿಟ್ ಆದರೆ 3 ಲೀಟರ್ ದಾಟಬಾರದು. ಮಾದರಿಯ ಹೆಸರಿನಲ್ಲಿ ಅಂಗಡಿಯವರನ್ನು ಕಟ್ಟಿಹಾಕಬಾರದು ಎಂಬುದು ಅಲ್ಲಿನ ಚಿಂತೆ.

## ಗೇರುಹಣ್ಣಿನ ಕಾಲಕ್ಕೆ ಇದು ನಮ್ಮ ಅಂಗಳದ ವಿಷಯ

ದೊಡ್ಡ ಕಂಪನಿಗಳ ಮಾತು ಒಂದು ಕಡೆ ಇರಲಿ. ಮಾರ್ಚ್, ಏಪ್ರಿಲ್ ಬಂದರೆ ನಮ್ಮ ಗುಡ್ಡಗಳಲ್ಲಿ ಗೇರುಹಣ್ಣು ಮರದ ಬುಡದಲ್ಲೇ ಕೊಳೆಯುತ್ತದೆ. ಬೀಜ ತಿರುಪಿ ತೆಗೆದು ಹಣ್ಣನ್ನು ಅಲ್ಲೇ ಎಸೆಯುತ್ತೇವೆ. ಆ ಹುಳಿವಾಸನೆ ಗೊತ್ತಿಲ್ಲದವರು ಈ ಕಡೆ ಯಾರಿದ್ದಾರೆ? ಗೋವಾದವರು ಅದರಿಂದಲೇ ಫೆನಿ ಮಾಡುತ್ತಾರೆ. 2022ರಲ್ಲಿ ಪಕ್ಕದ ಕಣ್ಣೂರು ಜಿಲ್ಲೆಯ ಪಯ್ಯಾವೂರು ಸರ್ವಿಸ್ ಸಹಕಾರಿ ಬ್ಯಾಂಕಿಗೆ ಗೇರುಹಣ್ಣಿನ ಫೆನಿ ತಯಾರಿಸಲು ಸರ್ಕಾರ ಒಪ್ಪಿಗೆ ಕೊಟ್ಟಿತು. ಅದೇ ವರ್ಷ ಹಣ್ಣುಗಳಿಂದ ಸಣ್ಣ ಮಟ್ಟದಲ್ಲಿ ವೈನ್ ಮಾಡುವವರಿಗೆ ಲೈಸೆನ್ಸ್ ಕೊಡುವ ನಿಯಮಗಳೂ ಬಂದವು.

ಹಾಗಾಗಿ ನಾಳೆ ನಮ್ಮ ಊರಿನ ರೈತರ ಗುಂಪೇ ರುಚಿ ಪರೀಕ್ಷೆ ಮಾಡಬೇಕಾಗಿ ಬರಬಹುದು. "ಮನೆಯಲ್ಲಿ ಎರಡು ಭರಣಿ ಹಾಕಿ, ನಾಲ್ಕು ಜನರಿಗೆ ರುಚಿ ತೋರಿಸಿ, ಚೆನ್ನಾಗಿದ್ದರೆ ಆಮೇಲೆ ಲೈಸೆನ್ಸ್" ಎಂಬ ಯೋಚನೆ ಸಹಜ. ಕಾನೂನಿನಲ್ಲಿ ಅದಕ್ಕೆ ಜಾಗವಿಲ್ಲ. ಲೈಸೆನ್ಸ್ ಇಲ್ಲದೆ ತಯಾರಿಸುವುದೇ ಅಪರಾಧ. 2019ರ ಕ್ರಿಸ್ಮಸ್ ಹೊತ್ತಿಗೆ ಮನೆಯಲ್ಲಿ ವೈನ್ ಮಾಡುವವರಿಗೂ ಅಬಕಾರಿ ಇಲಾಖೆ ಎಚ್ಚರಿಕೆ ಕೊಟ್ಟದ್ದು ಅನೇಕರಿಗೆ ನೆನಪಿರಬಹುದು. ಮೊದಲು ಲೈಸೆನ್ಸ್, ಆಮೇಲೆ ಭರಣಿ, ಕೊನೆಗೆ ನಾಲಿಗೆ. ಇದೇ ಅನುಕ್ರಮ.

ಮದ್ಯವಲ್ಲದ ದಾರಿಯೂ ನಮ್ಮ ಹತ್ತಿರವೇ ಇದೆ. ಕುಡ್ಲುವಿನಲ್ಲಿರುವ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ, ನಾವೆಲ್ಲ ಸಿಪಿಸಿಆರ್‌ಐ ಎನ್ನುವುದು, ತೆಂಗಿನ ಹೊಂಬಾಳೆಯ ರಸವನ್ನು ಹುಳಿಯಾಗದಂತೆ ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಇಳಿಸುವ ವಿಧಾನ ಕಂಡುಹಿಡಿಯಿತು. ಅದೇ ಕಲ್ಪರಸ. ಸಿಹಿಯಾಗಿರುತ್ತದೆ, ಅಮಲು ಇಲ್ಲ. ಆದರೂ ಇಲ್ಲೊಂದು ವಿಚಿತ್ರ ಇದೆ. ಅಬಕಾರಿ ಕಾಯ್ದೆಯಲ್ಲಿ ಕಳ್ಳು ಎಂದರೆ ತೆಂಗು, ತಾಳೆ, ಈಚಲು ಮುಂತಾದ ಮರಗಳಿಂದ ಇಳಿಸಿದ, ಹುಳಿಯಾದ ಅಥವಾ ಹುಳಿಯಾಗದ ರಸ ಎಂದಿದೆ. ಸಿಹಿರಸವೂ ಹೆಸರಿಗೆ ಕಳ್ಳೇ. ಅದಕ್ಕೇ ನೀರಾ ಎನ್ನುವ ಈ ಸಿಹಿರಸ ಇಳಿಸಲು ಬೇರೆ ಅವಕಾಶ ಮಾಡಿಕೊಡಬೇಕಾಯಿತು. ಆಹಾರ ಸುರಕ್ಷತೆಯ ನಿಯಮ ಮಾತ್ರ ಅಳತೆ ನೋಡುತ್ತದೆ. 0.5 ಶೇಕಡಾಕ್ಕಿಂತ ಹೆಚ್ಚು ಮದ್ಯಸಾರ ಇದ್ದರೆ ಮದ್ಯ.

## ಕರೆ ಬಂದರೆ ಏನು ಕೇಳಬೇಕು?

ಮೊದಲು ಜಾಗದ ಹೆಸರು ಮತ್ತು ಅದರ ಲೈಸೆನ್ಸ್ ಯಾವುದು ಎಂದು ಕೇಳಿ. ಬಾಟಲಿ ಇಲ್ಲಿನದಾ, ಹೊರಗಿನದಾ ಎಂದು ಕೇಳಿ. ಅಬಕಾರಿ ಇಲಾಖೆಯ ಅನುಮತಿಯ ಪ್ರತಿ ಮೊಬೈಲಿಗೆ ಕಳಿಸಲು ಹೇಳಿ. ಎಷ್ಟು ಮಾದರಿ, ಎಷ್ಟು ಮಿಲಿ, ಉಗುಳಲು ಅವಕಾಶ ಇದೆಯಾ, ಮನೆಗೆ ಬಿಡುವ ವ್ಯವಸ್ಥೆ ಇದೆಯಾ ಎಂಬುದನ್ನೂ ಕೇಳಬೇಕು. ಆಧಾರ್ ಕೇಳಿದರೆ ಯಾಕೆ ಎಂದು ತಿಳಿದುಕೊಳ್ಳಿ. ವಯಸ್ಸು ನೋಡಲು ಕಾರ್ಡ್ ತೋರಿಸಿದರೆ ಸಾಕು. ನಿಮ್ಮ ವಿವರ ಯಾವ ಕೆಲಸಕ್ಕೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು ಎಂಬುದೇ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳು.

ಒಪ್ಪಿಗೆ ಪತ್ರ ನಿಮಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಎರಡು ಪುಟ ಇಟ್ಟು ಇಲ್ಲಿ ಸೈನ್ ಹಾಕಿ ಅಂದರೆ ಹಾಕಬೇಡಿ. ಬಸುರಿಯರು, ಮಕ್ಕಳಿಗೆ ಹಾಲುಣಿಸುವವರು, ಲಿವರಿನ ತೊಂದರೆ ಇರುವವರು, ಮಾತ್ರೆ ತಗೊಳ್ಳುತ್ತಿರುವವರು ಯಾವ ಕಾರಣಕ್ಕೂ ಹೋಗಬಾರದು. ಹಲ್ಲುನೋವಿಗೋ ಹೊಟ್ಟೆಕೆಡುಕಿಗೋ ಕೊಡುವ ಮೆಟ್ರೊನಿಡಝೋಲ್ ತೆಗೆದುಕೊಳ್ಳುವಾಗ ಮದ್ಯ ಮುಟ್ಟಬೇಡಿ ಎಂದು ವೈದ್ಯರು ಹೇಳುತ್ತಾರೆ. ಅಲ್ಲಿಗೆ ಹೋದ ಮೇಲೂ ನಡುವೆ ಎದ್ದು ಬರಬಹುದು. ಕುಳಿತ ಕೂಡಲೇ ಕುಡಿಯಲೇಬೇಕು ಎಂಬ ಕಟ್ಟುಪಾಡು ಇಲ್ಲ.

ಸಂಶಯ ಇದ್ದರೆ ಕುಂಬಳೆ ಅಥವಾ ಬದಿಯಡ್ಕದ ಎಕ್ಸೈಸ್ ರೇಂಜ್ ಆಫೀಸಿನಲ್ಲಿ ವಿಚಾರಿಸಬಹುದು. ಅರ್ಜಿ ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಭಾಷಾ ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ.

ಹುಡುಗ ಮರುದಿನ ಆ ನಂಬರಿಗೆ ಫೋನ್ ಮಾಡಿದ. ಲೈಸೆನ್ಸ್ ಯಾವುದು ಎಂದು ಕೇಳಿದ್ದಕ್ಕೆ, "ಅದೆಲ್ಲ ಬಂದ ಮೇಲೆ ಹೇಳುತ್ತೇವೆ" ಅಂದರಂತೆ. 23 ಆಗಿಲ್ಲ ಎಂದು ಹೇಳಿದ್ದಕ್ಕೆ, "ಫಾರಮಿನಲ್ಲಿ 23 ಬರೆದರೆ ಆಯಿತು" ಅಂದರಂತೆ. ಅವನು ಹೋಗಲಿಲ್ಲ. ಮೆಸೇಜನ್ನು ಡಿಲೀಟ್ ಮಾಡದೆ ಹಾಗೇ ಇಟ್ಟುಕೊಂಡಿದ್ದಾನೆ. ಸೋಮವಾರ ಅದರ ಪ್ರಿಂಟು ತೆಗೆದು, ಕನ್ನಡದಲ್ಲಿ ಒಂದು ಅರ್ಜಿ ಬರೆದು, ಬದಿಯಡ್ಕಕ್ಕೆ ಹೋಗಿ ಕೊಡುತ್ತಾನಂತೆ.